ಕಂಪ್ಯೂಟರಿಗೊಂದು ಆಪದ್ಧನ

ಒಂದೇ ಸೂರಿನ ಕೆಳಗೆ ಎರಡು ಸಂಸಾರಗಳು ಬಾಳುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ. ಅಡಿಗೆ ಬೇರೆ, ಆಚಾರ ಬೇರೆ. ಆದರೆ ಹೆಬ್ಬಾಗಿಲು ಮಾತ್ರ ಒಂದೇ. ಇಂದು ಅನೇಕರ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿಯೂ ಇಂಥದೇ ಏರ್ಪಾಡನ್ನು ಕಾಣಬಹುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬರೆದಿಟ್ಟ ಹಳೆಯ ಲೇಖನಗಳಿಗಾಗಿ, ಕಚೇರಿಯ ಕಾಗದಪತ್ರಗಳಿಗಾಗಿ ವಿಂಡೋಸ್ ಬೇಕು, ವ್ಯಾಸಂಗಕ್ಕಾಗಿಯೋ ಪ್ರೋಗ್ರಾಮುಗಳ ರಚನೆಗಾಗಿಯೋ ಲಿನಕ್ಸ್ ಬೇಕು. ಎರಡನ್ನೂ ಒಂದೇ ಡಿಸ್ಕಿನಲ್ಲಿ ನೆಲೆಗೊಳಿಸಿ, ಯಂತ್ರ ಎಚ್ಚರಗೊಳ್ಳುವ ಹೊತ್ತಿನಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಈ ಕ್ರಮಕ್ಕೆ ‘ಡ್ಯುಯಲ್ ಬೂಟ್’ ಎಂದು ಹೆಸರು.

ಅನುಕೂಲವೇನೋ ದೊಡ್ಡದು. ಆದರೆ ಆ ಒಂದು ಡಿಸ್ಕು ಕೆಟ್ಟರೆ ಎರಡು ಸಂಸಾರಗಳೂ ಒಟ್ಟಿಗೆ ಬೀದಿಗೆ ಬೀಳುತ್ತವೆ. ಹತ್ತು ವರ್ಷಗಳ ಬರವಣಿಗೆ, ಮಕ್ಕಳ ಬಾಲ್ಯದ ಚಿತ್ರಗಳು, ತಿಂಗಳುಗಟ್ಟಲೆ ಹೊಂದಿಸಿಕೊಂಡ ಸಲಕರಣೆಗಳು ಎಲ್ಲವೂ ಒಂದು ಕ್ಷಣದಲ್ಲಿ ಇಲ್ಲವಾಗಬಹುದು. ಡಿಸ್ಕುಗಳು ಕೆಡುವ ಮುನ್ನ ಯಾವಾಗಲೂ ಸೂಚನೆ ಕೊಡುವುದಿಲ್ಲ. ಆಗ ಉಪಾಯ ಹುಡುಕಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ. ಡಿಸ್ಕಿನ ಪೂರ್ಣ ಪ್ರತಿಯನ್ನು, ಅಂದರೆ ‘ಇಮೇಜ್’ ಅನ್ನು, ತೆಗೆದಿಡುವ ತಂತ್ರಾಂಶಗಳು ಹಲವಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಏತಕ್ಕೆ ಆರಿಸಬೇಕು ಎಂಬುದೇ ಇಲ್ಲಿನ ವಿಚಾರ.

ಡಿಸ್ಕಿನೊಳಗೆ ಏನಿದೆ?

ಮೇಲ್ನೋಟಕ್ಕೆ ಡಿಸ್ಕಿನಲ್ಲಿರುವುದು ಎರಡೇ ಭಾಗಗಳು. ವಿಂಡೋಸ್ ನೆಲೆಸಿರುವ ಭಾಗ ‘ಎನ್‌ಟಿಎಫ್‌ಎಸ್’ ಎಂಬ ಕ್ರಮದಲ್ಲಿ ರಚಿತವಾಗಿರುತ್ತದೆ. ಲಿನಕ್ಸಿನದು ಬಹುಮಟ್ಟಿಗೆ ‘ಇಎಕ್ಸ್‌ಟಿ೪’ ಎಂಬ ಕ್ರಮದಲ್ಲಿ. ಆದರೆ ಇವುಗಳ ಜೊತೆಗೆ ಕಣ್ಣಿಗೆ ಬೀಳದ ಪುಟ್ಟ ಪಾರ್ಟಿಷನ್‌ಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ‘ಇಎಫ್‌ಐ’ ಪಾರ್ಟಿಷನ್. ಅದರ ಗಾತ್ರ ಸಾಮಾನ್ಯವಾಗಿ ಕೆಲವು ನೂರು ಮೆಗಾಬೈಟುಗಳು ಮಾತ್ರ. ಆದರೆ ವಿಂಡೋಸಿನ ದ್ವಾರಪಾಲಕನೂ ಲಿನಕ್ಸಿನ ದ್ವಾರಪಾಲಕನಾದ ‘ಗ್ರಬ್’ ಕೂಡ ಅಲ್ಲಿಯೇ ವಾಸ. ಇದಲ್ಲದೆ ವಿಂಡೋಸ್ ತನಗಾಗಿ ಕಾದಿರಿಸಿಕೊಂಡ ೧೬ ಮೆಗಾಬೈಟುಗಳ ತುಣುಕೊಂದು, ದುರಸ್ತಿಗೆಂದು ಇಟ್ಟುಕೊಂಡ ಮತ್ತೊಂದು ಭಾಗ ಇರುತ್ತವೆ. ಈ ಎಲ್ಲ ಭಾಗಗಳ ಎಲ್ಲೆಕಟ್ಟುಗಳನ್ನು ಬರೆದಿಟ್ಟ ‘ಜಿಪಿಟಿ’ ಎಂಬ ಪಟ್ಟಿ ಡಿಸ್ಕಿನ ಆರಂಭದಲ್ಲಿದ್ದು, ಅದರ ನಕಲು ಡಿಸ್ಕಿನ ಕೊನೆಯಲ್ಲಿರುತ್ತದೆ.

ಬರಿಯ ಫೈಲುಗಳನ್ನು ನಕಲು ಮಾಡಿಟ್ಟರೆ ಸಾಮಾನು ಉಳಿಯುತ್ತದೆಯೇ ಹೊರತು ಮನೆ ಉಳಿಯುವುದಿಲ್ಲ. ಬಾಗಿಲು, ಗೋಡೆ, ಎಲ್ಲೆಕಲ್ಲುಗಳ ಸಮೇತ ಮನೆಯನ್ನು ಮತ್ತೆ ನಿಲ್ಲಿಸಬೇಕಾದರೆ ಇಡೀ ಡಿಸ್ಕಿನ ಇಮೇಜ್ ಬೇಕು. ‘ವಿಂಡೋಸ್ ಭಾಗ ಮಾತ್ರ’ ಎಂದು ಆರಿಸಿ ತೆಗೆದ ಇಮೇಜು ಡ್ಯುಯಲ್ ಬೂಟ್ ಯಂತ್ರದ ಪಾಲಿಗೆ ಅರ್ಧ ಮನೆಯಷ್ಟೇ.

ಒಂದು ಹಳೆಯ ಹೆಸರು

ಈ ವಿದ್ಯೆಯನ್ನು ಮನೆಮಾತಾಗಿಸಿದ ತಂತ್ರಾಂಶ ‘ಘೋಸ್ಟ್’. ನ್ಯೂಜಿಲೆಂಡಿನ ಮರ್ರೆ ಹ್ಯಾಸರ್ಡ್ ಎಂಬವರು ೧೯೯೫ರಲ್ಲಿ ಅದನ್ನು ರಚಿಸಿದರು. ೧೯೯೮ರಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಅದನ್ನು ಕೊಂಡು ‘ನಾರ್ಟನ್ ಘೋಸ್ಟ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧಗೊಳಿಸಿತು. ೨೦೧೩ರ ಏಪ್ರಿಲ್ ೩೦ರಂದು ಅದರ ಮಾರಾಟ ನಿಂತಿತು. ಬಹುಜನಪ್ರಿಯವಾಗಿದ್ದ ‘ಮ್ಯಾಕ್ರಿಯಂ ರಿಫ್ಲೆಕ್ಟ್’ನ ಉಚಿತ ಆವೃತ್ತಿಯ ಪೋಷಣೆಯೂ ೨೦೨೪ರ ಜನವರಿ ೧ಕ್ಕೆ ಮುಗಿಯಿತು, ಬೆಲೆ ತೆತ್ತು ಪಡೆಯುವ ಆವೃತ್ತಿ ಮಾತ್ರ ಉಳಿದುಕೊಂಡಿತು. ವಿಂಡೋಸಿನೊಳಗೇ ಇರುವ ‘ಸಿಸ್ಟಮ್ ಇಮೇಜ್’ ಸಾಧನವನ್ನು ಇನ್ನು ಬೆಳೆಸುವುದಿಲ್ಲವೆಂದು ಮೈಕ್ರೋಸಾಫ್ಟ್ ೨೦೧೭ರಲ್ಲಿಯೇ ತಿಳಿಸಿತು. ಅದು ಲಿನಕ್ಸಿನ ಹೊಣೆಯನ್ನಂತೂ ಎಂದೂ ಹೊತ್ತದ್ದಲ್ಲ.

ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಇಮೇಜ್ ಎಂಬುದು ಬೀಗ ಹಾಕಿದ ಪೆಟ್ಟಿಗೆ. ಅದನ್ನು ತೆಗೆದ ತಂತ್ರಾಂಶವೇ ಅದರ ಬೀಗದ ಕೈ. ಐದು ವರ್ಷಗಳ ಅನಂತರವೂ ಆ ಬೀಗದ ಕೈ ನಮ್ಮ ಕೈಯಲ್ಲಿರುವುದೇ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸತಕ್ಕದ್ದು.

ಕೇಳಬೇಕಾದ ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಯಂತ್ರದಲ್ಲಿ ಯಾವುದೂ ಎಚ್ಚರಗೊಳ್ಳದೆ ಇರುವಾಗಲೂ ಇದು ಕೆಲಸ ಮಾಡುವುದೇ? ಪೆನ್ ಡ್ರೈವಿನಿಂದ ತಾನಾಗಿ ಎದ್ದು ನಿಲ್ಲಬಲ್ಲ ತಂತ್ರಾಂಶವೇ ಆಪತ್ಕಾಲದ ಬಂಧು. ಎರಡನೆಯದು: ಎರಡೂ ಕಡೆಯ ಕ್ರಮಗಳನ್ನು ಇದು ಅರಿತಿದೆಯೇ? ಅರಿತಿದ್ದರೆ ತುಂಬಿದ ಜಾಗವನ್ನು ಮಾತ್ರ ಓದಿ, ಅಡಕಗೊಳಿಸಿ ಇಡುತ್ತದೆ. ಅರಿಯದಿದ್ದರೆ ಖಾಲಿ ಜಾಗವನ್ನೂ ಒಂದೊಂದು ಸೆಕ್ಟರಾಗಿ ಓದಬೇಕಾಗುತ್ತದೆ. ೫೦೦ ಗಿಗಾಬೈಟಿನ ಡಿಸ್ಕಿನಲ್ಲಿ ೧೮೦ ಗಿಗಾಬೈಟು ತುಂಬಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ೧೦೦ ಮೆಗಾಬೈಟಿನ ವೇಗದಲ್ಲಿ ಮೊದಲನೆಯ ಬಗೆಗೆ ಸುಮಾರು ಅರ್ಧ ಗಂಟೆ ಸಾಕು. ಎರಡನೆಯ ಬಗೆಗೆ ಎಂಬತ್ತಮೂರು ನಿಮಿಷ ಬೇಕು. ಮೂರನೆಯದು: ತೆಗೆದ ಇಮೇಜು ಸರಿಯಾಗಿದೆಯೇ ಎಂದು ತಾನೇ ತಾಳೆ ನೋಡುವುದೇ? ನಾಲ್ಕನೆಯದು: ಹಿಂದಿರುಗಿಸುವ ದಿನ ಲೈಸೆನ್ಸು, ಇಂಟರ್‌ನೆಟ್ಟು, ಪಾಸ್‌ವರ್ಡುಗಳ ಹಂಗು ಇದೆಯೇ?

ಈ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರ ಕೊಡುವುದು ‘ಕ್ಲೋನ್‌ಜಿಲ್ಲಾ’. ತೈವಾನಿನ ರಾಷ್ಟ್ರೀಯ ಉನ್ನತ ಗಣನ ಕೇಂದ್ರದಲ್ಲಿ ರೂಪುಗೊಂಡ ಈ ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲ. ಅದು ಎನ್‌ಟಿಎಫ್‌ಎಸ್, ಇಎಕ್ಸ್‌ಟಿ೪ ಎರಡನ್ನೂ ಬಲ್ಲದು. ಅದರ ಮುಖ ಮಾತ್ರ ಒರಟು. ಬರಿಯ ಅಕ್ಷರಗಳ ಪಟ್ಟಿಗಳನ್ನು ನೋಡಿ ಅನೇಕರು ಹಿಂಜರಿಯುತ್ತಾರೆ. ಅಂಥವರಿಗೆ ‘ರೆಸ್ಕ್ಯೂಜಿಲ್ಲಾ’ ಇದೆ. ಗುಂಡಿಗಳನ್ನು ಒತ್ತಿ ನಡೆಸಬಹುದಾದ ಇದು ಕ್ಲೋನ್‌ಜಿಲ್ಲಾದ ಇಮೇಜುಗಳನ್ನೂ ಓದಬಲ್ಲದು. ಒಂದು ಬೀಗಕ್ಕೆ ಎರಡು ಕೀಲಿಕೈ ದೊರೆತಂತಾಯಿತು. ಪ್ರತಿದಿನವೂ ತಾನಾಗಿ, ಬದಲಾದಷ್ಟನ್ನೇ ಉಳಿಸುವ ಅನುಕೂಲ ಬೇಕೆನ್ನುವವರು ವಿಂಡೋಸಿನೊಳಗಿನಿಂದ ನಡೆಯುವ ತಂತ್ರಾಂಶಗಳಿಗೆ ಹಣ ತೆರಬಹುದು. ಆದರೆ ಲಿನಕ್ಸಿನ ಭಾಗವನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಎಡವುವ ಕಲ್ಲುಗಳು

ಆಯ್ಕೆ ಸರಿಯಾದರೂ ದಾರಿಯಲ್ಲಿ ಕೆಲವು ಕಲ್ಲುಗಳಿವೆ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿದ್ದರೆ, ಮುಚ್ಚಿದಂತೆ ಕಂಡರೂ ಅದು ಪೂರ್ತಿ ಮುಚ್ಚಿರುವುದಿಲ್ಲ. ಇಮೇಜ್ ತೆಗೆಯುವ ಮೊದಲು ಅದನ್ನು ನಿಲ್ಲಿಸತಕ್ಕದ್ದು. ‘ಬಿಟ್‌ಲಾಕರ್’ ಹಾಕಿದ ಭಾಗ ಹೊರಗಿನಿಂದ ನೋಡುವವರಿಗೆ ಅರ್ಥವಿಲ್ಲದ ಅಕ್ಷರರಾಶಿ. ಅದನ್ನು ಇದ್ದಂತೆಯೇ ಪೂರ್ತಿ ನಕಲು ಮಾಡಬೇಕಾಗುತ್ತದೆ, ಅಡಕವೂ ಆಗುವುದಿಲ್ಲ. ಅದರ ೪೮ ಅಂಕೆಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡುವುದು ಕ್ಷೇಮ.

ಇನ್ನೊಂದು ಅಳತೆಯ ಮಾತು. ೫೧೨ ಗಿಗಾಬೈಟಿನ ಡಿಸ್ಕಿನಿಂದ ತೆಗೆದ ಇಮೇಜು, ಒಳಗಿನ ಸಾಮಾನು ಎಷ್ಟೇ ಕಡಿಮೆಯಿದ್ದರೂ, ೫೦೦ ಗಿಗಾಬೈಟಿನ ಹೊಸ ಡಿಸ್ಕಿಗೆ ಕ್ಲೋನ್‌ಜಿಲ್ಲಾದಲ್ಲಿ ನೇರವಾಗಿ ಇಳಿಯದು. ಬದಲಿ ಡಿಸ್ಕು ಹಳೆಯದರಷ್ಟೇ ಇರಬೇಕು, ಇಲ್ಲವೆ ದೊಡ್ಡದಿರಬೇಕು. ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಎಂಬುದನ್ನು ಗಾತ್ರವನ್ನೂ ತಯಾರಕರ ಹೆಸರನ್ನೂ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ದಿಕ್ಕು ತಪ್ಪಿದರೆ ಉಳಿಸಹೊರಟ ಕೈಯೇ ಅಳಿಸಿದಂತಾಗುತ್ತದೆ. ಬೂಟ್ ಪಟ್ಟಿ ಡಿಸ್ಕಿನಲ್ಲಲ್ಲದೆ ಯಂತ್ರದ ಮದರ್‌ಬೋರ್ಡಿನಲ್ಲಿಯೂ ದಾಖಲಾಗಿರುವುದರಿಂದ, ಹೊಸ ಯಂತ್ರದಲ್ಲಿ ಗ್ರಬ್ಬನ್ನು ಮತ್ತೆ ನೋಂದಾಯಿಸಬೇಕಾಗಬಹುದು. ಲಿನಕ್ಸಿನ ಪೆನ್ ಡ್ರೈವೊಂದನ್ನು ಜೊತೆಯಲ್ಲಿಟ್ಟುಕೊಂಡರೆ ಆ ಕೆಲಸ ಕಷ್ಟವಲ್ಲ.

ಪರೀಕ್ಷೆಯೇ ಪ್ರಮಾಣ

೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಚಿತ್ರದ ಕೆಲಸ ನಡೆದಿತ್ತು. ಒಂದು ತಪ್ಪು ಆಜ್ಞೆಯಿಂದ ಚಿತ್ರದ ಫೈಲುಗಳು ಒಂದೊಂದಾಗಿ ಮಾಯವಾಗತೊಡಗಿದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿರಲಿಲ್ಲವೆಂಬುದು ಬೇಕಾದಾಗಲೇ ತಿಳಿದದ್ದು. ಆಗತಾನೆ ತಾಯಿಯಾಗಿ ಮನೆಯಿಂದಲೇ ದುಡಿಯುತ್ತಿದ್ದ ಗ್ಯಾಲಿನ್ ಸುಸ್‌ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಕೊನೆಗೆ ಕೈಹಿಡಿಯಿತು.

ಅಂಥ ಸಂಸ್ಥೆಗೇ ಹೀಗಾದ ಮೇಲೆ ಉಳಿದವರ ಪಾಡೇನು! ಸಾಧ್ಯವಿದ್ದವರು ಬೇರೊಂದು ಡಿಸ್ಕಿಗೆ ಇಮೇಜನ್ನು ಹಿಂದಿರುಗಿಸಿ ನೋಡಬೇಕು. ಹಿಂದಿರುಗಿಸಿದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಟ್ಟೇ ಯಂತ್ರವನ್ನು ಎಬ್ಬಿಸತಕ್ಕದ್ದು. ಎರಡರ ಗುರುತಿನ ಸಂಖ್ಯೆಗಳೂ ಒಂದೇ ಆಗಿರುವುದರಿಂದ ಯಂತ್ರಕ್ಕೆ ಅವಳಿ ಮಕ್ಕಳನ್ನು ಕಂಡಷ್ಟೇ ಗೊಂದಲ. ವಿಂಡೋಸ್ ಎದ್ದಿತೇ, ಲಿನಕ್ಸ್ ಎದ್ದಿತೇ, ಎರಡನ್ನೂ ನೋಡಬೇಕು. ಬೇರೆ ಡಿಸ್ಕು ಇಲ್ಲದವರು ಇಮೇಜಿನ ತಾಳೆಯನ್ನಾದರೂ ನೋಡಿಸಿ, ಪೆನ್ ಡ್ರೈವಿನಿಂದ ಯಂತ್ರ ಏಳುವುದನ್ನು ಖಾತ್ರಿಮಾಡಿಕೊಳ್ಳಲಿ. ಇಮೇಜಿದ್ದ ಡಿಸ್ಕನ್ನು ಯಂತ್ರದಿಂದ ಬಿಡಿಸಿ, ಸಾಧ್ಯವಾದರೆ ಎರಡನೆಯ ಪ್ರತಿಯನ್ನು ನೆಂಟರ ಮನೆಯಲ್ಲಿಡಲಿ.

ತಂತ್ರಾಂಶದ ಬೆಲೆಯಾಗಲಿ, ಅದರ ಅಂದಚಂದವಾಗಲಿ ಅದರ ಯೋಗ್ಯತೆಯನ್ನು ಹೇಳುವುದಿಲ್ಲ. ಒಮ್ಮೆಯಾದರೂ ಹಿಂದಿರುಗಿಸಿ ನೋಡಿದ ಇಮೇಜೇ ಆಪದ್ಧನ. ಉಳಿದದ್ದೆಲ್ಲ ಎಣಿಸಿ ನೋಡದ ಗಂಟು.