ಸಗಣಿ, ಸೂಜಿ, ಡಾಂಬರು ಡ್ರಮ್: ಶೀಲಾ ಗೌಡರ ಪ್ರತಿಷ್ಠಾಪನ ಕಲೆ

ಪ್ರತಿಷ್ಠಾಪನ ಕಲೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಪೀಠದ ಮೇಲೆ ನಿಲ್ಲಿಸುವ ಮೂರ್ತಿಯೂ ಅಲ್ಲ. ಅದು ಇಡೀ ಕೋಣೆಯನ್ನೋ ಅಂಗಳವನ್ನೋ ಆವರಿಸುತ್ತದೆ. ನೋಡುವವರು ಅದರ ನಡುವೆ ಓಡಾಡಬೇಕು, ಕೆಲವೊಮ್ಮೆ ಬಗ್ಗಿ ಒಳನುಸುಳಬೇಕು. ಸಾಮಗ್ರಿ ಬಹುಮಟ್ಟಿಗೆ ಮನೆ, ಬೀದಿ, ಗುಜರಿ ಅಂಗಡಿಗಳದ್ದು. 1917ರಲ್ಲಿ ಕಲಾವಿದ ಮಾರ್ಸೆಲ್ ದ್ಯುಶಾಂ ಅಂಗಡಿಯಲ್ಲಿ ಕೊಂಡ ಮೂತ್ರದ ಬೇಸಿನ್ನನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದಾಗ ಎದ್ದದ್ದು ಕಲೆ ಯಾವುದು ಎಂಬ ಪ್ರಶ್ನೆ. ಭಾರತದ ಕಲಾವಿದರು ಅದರಾಚೆಗೂ ಕೇಳಿದರು: ಈ ವಸ್ತುವಿಗೆ ಬೆವರು ಸುರಿಸಿದವರು ಯಾರು, ಇದನ್ನು ಎಸೆದವರು ಯಾರು?

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಆಳವಾಗಿ ಹಿಡಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಬಳಿ ಕಲಿತು, ಮುಂದೆ ಬರೋಡ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಅಭ್ಯಾಸ ಮಾಡಿದರು. ಮೊದಲು ಅವರದು ಚಿತ್ರಕಲೆಯೇ. 1992ರ ಕೊನೆಗೆ ಬಾಬರಿ ಮಸೀದಿ ಉರುಳಿ, ಮುಂಬೈ ಗಲಭೆಯಲ್ಲಿ ಹೊತ್ತಿ ಉರಿದ ದಿನಗಳಲ್ಲಿ ಅವರ ಕಲೆ ದಿಕ್ಕು ಬದಲಿಸಿತು. ಎಣ್ಣೆಬಣ್ಣದ ಜಾಗಕ್ಕೆ ಸಗಣಿ ಬಂತು.

ರೋಣ ತಾಲ್ಲೂಕಿನ ಅಬ್ಬಿಗೇರಿಯಂಥ ಊರಿನವರಿಗೆ ಸಗಣಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ನೆಲ ಸಾರಿಸುವುದು ಅದರಿಂದ, ಒಲೆಗೆ ಕುಳ್ಳು ತಟ್ಟುವುದು ಅದರಿಂದ. ದೀಪಾವಳಿ ಬಂತೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯಿಂದಲೇ ಪಾಂಡವರನ್ನು ಮಾಡಿ, ಹೂವೇರಿಸಿ ಪೂಜಿಸುತ್ತಾರೆ. ಒಂದೇ ವಸ್ತು ದೇವರೂ ಹೌದು, ಉರುವಲೂ ಹೌದು. ಎರಡರ ಹಿಂದೆಯೂ ಇರುವುದು ಹೆಣ್ಣುಮಕ್ಕಳ ಕೈ, ಲೆಕ್ಕಕ್ಕೆ ಬಾರದ ದುಡಿಮೆ. ಗೋವಿನ ಪಾವಿತ್ರ್ಯ ರಾಜಕೀಯದ ಘೋಷಣೆಯಾಗುತ್ತಿದ್ದ ಕಾಲದಲ್ಲಿ ಶೀಲಾ ಗೌಡ ತೋರಿಸಿದ್ದು ಸಗಣಿ ಎತ್ತುವವಳ ಕೈಯನ್ನು. ಅವರ ಧೈರ್ಯ ಇರುವುದು ಇಲ್ಲಿ.

1998ರಲ್ಲಿ ಮೊದಲು ರೂಪುಗೊಂಡ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಗೆ ಬೇಕಾದದ್ದು ಸೂಜಿ, ದಾರ, ಕುಂಕುಮ, ಅಂಟು. ಉದ್ದನೆಯ ದಾರವನ್ನು ಸೂಜಿಯ ಕಣ್ಣಿನಲ್ಲಿ ಅರ್ಧದವರೆಗೂ ಎಳೆದು ಮಡಚಿ, ಅಂಥ ಹಲವು ಎಳೆಗಳನ್ನು ಕೂಡಿಸಿ, ಅಂಟು ಬೆರೆಸಿದ ಕುಂಕುಮ ಸವರಿ ಹುರಿ ಮಾಡಬೇಕು. ಕೆಂಪು ಹುರಿಗಳು ಗೋಡೆಯಿಂದ ಇಳಿದು ಕರುಳಿನಂತೆ ನೆಲದ ಮೇಲೆ ಸುರುಳಿಯಾಗುತ್ತವೆ, ತುದಿಯಲ್ಲಿ ಸೂಜಿಗಳ ಗೊಂಚಲು. ಮುತ್ತೈದೆತನದ ಬಣ್ಣ ಇಲ್ಲಿ ರಕ್ತದ ಬಣ್ಣವೂ ಆಗುತ್ತದೆ. ಕೃತಿ ಮಾಡುವ ಕೆಲಸವೇ ಮನೆಗೆಲಸದಷ್ಟು ದೀರ್ಘ, ಬೇಸರ ತರಿಸುವಂಥದ್ದು. ಆ ಶ್ರಮ ಅರ್ಥದ ಒಂದು ಭಾಗ.

2006ರ ‘ಡಾರ್ಕ್‌ರೂಮ್’ನಲ್ಲಿ ದುಡಿಮೆಯ ಕಥೆ ಮನೆಯಿಂದ ಬೀದಿಗೆ ಬರುತ್ತದೆ. ರಸ್ತೆಗೆ ಡಾಂಬರು ಹಾಕುವ ಕೂಲಿಗಳು ಖಾಲಿ ಡ್ರಮ್‌ಗಳನ್ನು ಸೀಳಿ, ತಗಡಾಗಿ ಬಡಿದು ಗುಡಿಸಲಿಗೆ ಹೊದಿಸುವುದುಂಟು. ಅದೇ ಡ್ರಮ್, ಅದೇ ತಗಡಿನಿಂದ ಶೀಲಾ ಗೌಡ ಕಂಬಗಳಿರುವ ಕಟ್ಟಡವೊಂದನ್ನು ಎಬ್ಬಿಸಿದರು. ಹೊರಗಿನಿಂದ ಅದಕ್ಕೆ ಅರಮನೆಯ ಗತ್ತು. ಒಳಗೆ ಹೋಗಬೇಕಾದರೆ ಮೈ ಬಗ್ಗಿಸಲೇಬೇಕು. ತಲೆಯೆತ್ತಿದರೆ ತಗಡಿನ ತೂತುಗಳಲ್ಲಿ ಬೆಳಕಿನ ಚುಕ್ಕೆಗಳು. ಕೂಲಿಯವರ ಬಡತನವನ್ನು ತೋರಿಸಿ ಕನಿಕರ ಬೇಡುವ ಕೃತಿಯಲ್ಲ ಇದು. ಅವರ ಕಟ್ಟುವ ಜಾಣ್ಮೆಗೆ ಸಂದ ಗೌರವ.

2009ರ ವೆನಿಸ್ ಬಿಯೆನಾಲೆ ಕಲಾಮೇಳದಲ್ಲಿ ಪ್ರದರ್ಶನಗೊಂಡ ‘ಬಿಹೋಲ್ಡ್’, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟವರ ಉದ್ದ ಕೂದಲು ವಿಗ್ ವ್ಯಾಪಾರಕ್ಕೆ ಹೋಗುತ್ತದೆ. ಗಿಡ್ಡ ಕೂದಲು ಹಗ್ಗವಾಗುತ್ತದೆ. ದೃಷ್ಟಿ ತಾಗದಿರಲೆಂದು ಅದನ್ನು ವಾಹನದ ಬಂಪರಿಗೆ ಕಟ್ಟುತ್ತಾರೆ. ಈ ಕೃತಿಯಲ್ಲಿ ಸುಮಾರು 4000 ಮೀಟರ್ ಕೂದಲ ಹಗ್ಗ ಉಕ್ಕಿನ ಬಂಪರುಗಳನ್ನು ಎತ್ತಿ ಹಿಡಿದಿದೆ. ಯಾರ ಹರಕೆ, ಯಾರ ಜಾತಿ ಎಂದು ಆ ಹಗ್ಗದ ಯಾವ ಎಳೆಯನ್ನು ಬಿಡಿಸಿಯೂ ಹೇಳಲಾಗದು.

2012ರಲ್ಲಿ ಮೊದಲ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಅವರು ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ಮಾಡಿದ ‘ಸ್ಟಾಪ್‌ಓವರ್’ಗೆ ಬೆಂಗಳೂರಿನ ಸುಮಾರು 170 ರುಬ್ಬುವ ಕಲ್ಲುಗಳು ಹೋದವು. ಮಿಕ್ಸರ್ ಬಂದ ಮೇಲೆ ಅಡುಗೆಮನೆಯಲ್ಲಿ ಕಲ್ಲಿಗೆ ಜಾಗವಿಲ್ಲ. ಪೂಜೆ ಕಂಡ ಕಲ್ಲನ್ನು ಒಡೆಯಲು ಮನಸ್ಸೂ ಬಾರದು. ಹಾಗಾಗಿ ಜನ ಅವನ್ನು ರಸ್ತೆಯ ಪಕ್ಕಕ್ಕೆ ಉರುಳಿಸಿ ಬಿಟ್ಟಿದ್ದರು.