ಕೆರೆದಂಡೆಯಲ್ಲಿ ಒಂದು ವಸ್ತಿ

ಬಸವಕಲ್ಯಾಣ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಒಂದಷ್ಟು ನೀರು ಮುಲ್ಲಾಮಾರಿಯಾಗಿ ಚಿಂಚೋಳಿ ಕಡೆ ಇಳಿದು, ಕಾಗಿಣಾ ಮತ್ತು ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಉಳಿದದ್ದು ಚುಳಕಿನಾಲಾದಲ್ಲಿ ಹರಿದು ಮಾಂಜ್ರಾ ನದಿಗೆ ಬಿದ್ದು ಗೋದಾವರಿಯ ಪಾಲಾಗುತ್ತದೆ. ಎರಡೂ ದಿಕ್ಕಿಗೆ ಅಣೆಕಟ್ಟುಗಳಿವೆ. ಖೇರ್ಡಾ (ಬಿ) ಬಳಿ ಮೇಲಿನ ಮುಲ್ಲಾಮಾರಿ, ಮುಸ್ತಾಪುರದ ಬಳಿ ಚುಳಕಿನಾಲಾ, ಆಚೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ 7.69 ಟಿಎಂಸಿ ಸಾಮರ್ಥ್ಯದ ಕಾರಂಜಾ, ಚಿಂಚೋಳಿ ಕಾಡಿನ ನಡುವೆ ಚಂದ್ರಂಪಳ್ಳಿ. ಬರದ ನಾಡು ಎಂದು ಹೆಸರಾದ ಸೀಮೆಗೆ ಇದು ಕಡಿಮೆ ಸಂಪತ್ತಲ್ಲ. ಆದರೂ ಮೂರು ದಿನ ರಜೆ ಸಿಕ್ಕರೆ ಮಂಠಾಳ, ಹುಮನಾಬಾದ್ ಕಡೆಯ ಕಾರುಗಳು ಮಹಾಬಳೇಶ್ವರಕ್ಕೋ ಕೊಡಗಿಗೋ ಓಡುತ್ತವೆ. ಮನೆಯಿಂದ ಅರ್ಧ ದಿನದ ಹಾದಿಯೊಳಗೆ, ನೀರಿನ ಪಕ್ಕದಲ್ಲೇ ಒಂದು ರಾತ್ರಿ ವಸ್ತಿ ಮಾಡಬಹುದೆಂಬುದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಹಾಗೆಂದು ಡೇರೆ ಹೊತ್ತುಕೊಂಡು ಕಂಡ ದಂಡೆಯಲ್ಲಿ ಇಳಿಯುವಂತಿಲ್ಲ.

ಚುಳಕಿನಾಲಾ, ಮುಲ್ಲಾಮಾರಿ, ಕಾರಂಜಾ ಮೂರೂ ಹೊಲಗಳಿಗೆ ನೀರುಣಿಸಲು ಕಟ್ಟಿದ ಜಲಾಶಯಗಳು. ಒಡ್ಡು, ತೂಬು, ಗೇಟುಗಳ ಉಸ್ತುವಾರಿ ನೀರಾವರಿ ಇಲಾಖೆಯದು. ಮೀನಿನ ಹಕ್ಕು ಗುತ್ತಿಗೆ ಹಿಡಿದವರದು. ಸಂಜೆ ಹೊತ್ತು ಕಳೆಯಲು ಅಲ್ಲಿ ಬಲು ಚೆಂದ. ಬುತ್ತಿ ಬಿಚ್ಚಿ ಉಣ್ಣಲೂ ಅಡ್ಡಿಯಿಲ್ಲ. ರಾತ್ರಿ ಮಲಗಲು ಮಾತ್ರ ಅವು ತಕ್ಕ ಜಾಗಗಳಲ್ಲ. ಮೇಲೆಲ್ಲೋ ಜೋರು ಮಳೆಯಾದರೆ ಗೇಟು ಎತ್ತುತ್ತಾರೆ, ಕೆಳಗಿನ ನಾಲೆಯ ಪಾತ್ರ ಹೊತ್ತಿಲ್ಲದ ಹೊತ್ತಿನಲ್ಲಿ ತುಂಬುತ್ತದೆ. ಬೇಸಿಗೆಯಲ್ಲಿ ಬೇರೆಯದೇ ಅಪಾಯ. ನೀರು ಹಿಂದೆ ಸರಿದ ಕಡೆ ಮೇಲೆ ಒಣಗಿ ಬಿರುಕು ಬಿಟ್ಟ ಹೆಪ್ಪು, ಅದರ ಕೆಳಗೆ ಮೊಣಕಾಲು ಮುಳುಗುವ ರಾಡಿ. ನೀರು ಕುಡಿಯಲು ಹೋದ ದನಗಳೇ ಅಲ್ಲಿ ಸಿಕ್ಕಿಬೀಳುತ್ತವೆ. ಈಜು ಬಲ್ಲವರೂ ಹುಷಾರಾಗಿರಬೇಕು. ಇದೇ ಮಾಂಜ್ರಾ ನದಿ ಮುಂದೆ ತೆಲಂಗಾಣದ ಸಂಗಾರೆಡ್ಡಿ ಬಳಿ ಹರಿಯುವಲ್ಲಿ ಮೊಸಳೆಗಳಿಗೆ ಹೆಸರಾದ ಅಭಯಾರಣ್ಯವೊಂದಿದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮಂಠಾಳದವರಿಗೆ ಮೊದಲ ಹೆಸರು ಚಂದ್ರಂಪಳ್ಳಿ. ಹುಮನಾಬಾದಿನಿಂದ ಚಿಂಚೋಳಿಗೆ ಇಳಿದು ಮುಂದೆ ಕಾಡಿನ ದಾರಿ ಹಿಡಿದರೆ ಸಿಗುವ ಈ ಜಲಾಶಯದ ಸುತ್ತಲಿನ ಅರಣ್ಯವನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂಬ ಹೆಗ್ಗಳಿಕೆ ಇದರದು. ಎಲೆ ಉದುರಿಸುವ ಕಾಡು, ನಡುನಡುವೆ ಶ್ರೀಗಂಧ, ರಕ್ತಚಂದನ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ. ಅಂಚಿನಲ್ಲಿ ಲಂಬಾಣಿ ತಾಂಡಾಗಳು. ಸುತ್ತಲೂ ತೊಗರಿ ಹೊಲವನ್ನೇ ಕಂಡ ಕಣ್ಣಿಗೆ ಕಲ್ಯಾಣ ಕರ್ನಾಟಕದಲ್ಲಿ ಇಷ್ಟು ದಟ್ಟ ಹಸಿರು ಇದೆಯೆಂದು ನಂಬುವುದೇ ಕಷ್ಟ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇರುವುದು ಇಲ್ಲಿಯೇ.

ಎರಡನೆಯದು ಬೀದರಿನ ಹತ್ತಿರ, ಹೊನ್ನಿಕೇರಿ ಮೀಸಲು ಅರಣ್ಯದ ಮಗ್ಗುಲಿನ ವಿಲಾಸಪುರ ಕೆರೆ. ಸರ್ಕಾರಿ ಒಡೆತನದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿ ಬ್ಲ್ಯಾಕ್‌ಬಕ್ ರೆಸಾರ್ಟ್ ನಡೆಸುತ್ತದೆ. ಹೆಸರೇ ಹೇಳುವಂತೆ ಕೃಷ್ಣಮೃಗಗಳ ಸೀಮೆ ಅದು. ಚಂದ್ರಂಪಳ್ಳಿಗಿಂತ ಸೌಕರ್ಯ ಹೆಚ್ಚು, ಖರ್ಚೂ ಹೆಚ್ಚು. ವಯಸ್ಸಾದ ತಂದೆ–ತಾಯಿಯನ್ನು, ಎಳೆ ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ವಾಸಿ. ಬೀದರ್ ಕಡೆ ಹೊರಟವರು ಹುಮನಾಬಾದ್ ಸಮೀಪದ ಜಲಸಂಗ್ವಿಯಲ್ಲಿ ಒಂದು ಗಂಟೆ ನಿಲ್ಲಲೇಬೇಕು. ಅಲ್ಲಿನ ಚಾಲುಕ್ಯ ಗುಡಿಯ ಗೋಡೆಯ ಮೇಲೆ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಕೊರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಅದರಂಥದ್ದು ನಾಡಿನಲ್ಲಿ ಬೇರೆ ಕಾಣಸಿಗುವುದು ಅಪರೂಪ.

ಕಾಡಿನೊಳಗಿನ ವಸ್ತಿಗೆ ಕಾನೂನಿನ ಚೌಕಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಹೊರಗಿನವರು ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಅಲ್ಲಿ ಬೆಂಕಿ ಹಚ್ಚುವಂತಿಲ್ಲ. ಚಾರಣದ ಮುಂಗಡ ಬುಕಿಂಗ್‌ಗೆ ಅರಣ್ಯ ಇಲಾಖೆ 2024ರಲ್ಲಿ ‘ಅರಣ್ಯ ವಿಹಾರ’ ಜಾಲತಾಣ ತೆರೆಯಿತು. ಚಂದ್ರಂಪಳ್ಳಿಯಂಥ ಸಣ್ಣ ಶಿಬಿರಕ್ಕಾದರೆ ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಗೆ ಮೊದಲೇ ಫೋನು ಮಾಡಿ, ಜಾಗ ಇದೆಯೇ, ಊಟ ಸಿಗುತ್ತದೆಯೇ, ರಾತ್ರಿ ಎಷ್ಟು ಹೊತ್ತಿಗೆ ಗೇಟು ಹಾಕುತ್ತಾರೆ ಎಂದು ಕೇಳಿಕೊಂಡೇ ಹೊರಡುವುದು ಒಳ್ಳೆಯದು.

ಗೊತ್ತುಪಡಿಸಿದ ಜಾಗದಲ್ಲೇ ಯಾಕೆ ಡೇರೆ ಹಾಕಬೇಕು ಎಂದು ಹುಡುಗರು ಕೇಳುತ್ತಾರೆ. ಇದಕ್ಕೆ ಉತ್ತರ ಅಮೆರಿಕದ ಅನುಭವದಲ್ಲಿದೆ. ಕಾರುಗಳು ಅಗ್ಗವಾದ 1920ರ ದಶಕದಲ್ಲಿ ಅಲ್ಲಿನ ಜನ ಕಾಡು, ಸರೋವರದಂಡೆಗಳಿಗೆ ನುಗ್ಗಿ ಮನಬಂದಲ್ಲಿ ಬಿಡಾರ ಹೂಡಿದರು. ಚಕ್ರ, ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ–ನೀರು ಸಿಗದೆ ದೊಡ್ಡ ಮರಗಳೇ ಸೊರಗಿದವು. ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞ ಇದನ್ನು ಗುರುತಿಸಿ, 1932ರಲ್ಲಿ ಕ್ಯಾಂಪಿಂಗ್ ತಾಣಗಳಿಗೊಂದು ನೀತಿ ಬರೆದುಕೊಟ್ಟ. ಒಮ್ಮುಖ ರಸ್ತೆ, ಪ್ರತಿ ಕುಟುಂಬಕ್ಕೂ ಗುರುತಿಟ್ಟ ಒಂದು ನಿವೇಶನ, ಕಾರು ನಿಲ್ಲಿಸಲು ಅಲ್ಲೇ ಚಿಕ್ಕ ಜಾಗ, ಒಲೆಗೆ ಒಂದೇ ಕಡೆ ಕಲ್ಲಿನ ಕಟ್ಟೆ. ಅಮೆರಿಕದ ರಾಜ್ಯ ಉದ್ಯಾನಗಳ ಸರೋವರದಂಡೆಯ ಶಿಬಿರಗಳು ಇಂದಿಗೂ ಹೆಚ್ಚುಕಡಿಮೆ ಅದೇ ನಕ್ಷೆಯಲ್ಲಿವೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳು ಬೇಸಿಗೆ ರಜೆಯ ನಿವೇಶನಕ್ಕೆ ಆರು ತಿಂಗಳು ಮೊದಲೇ ಕಂಪ್ಯೂಟರ್ ಮುಂದೆ ಕೂರುವುದು ಈ ಕಾರಣಕ್ಕೆ. ಜಾಗ ಎಣಿಸಿಟ್ಟಷ್ಟೇ ಇರುತ್ತದೆ; ಹಾಗಿರುವುದರಿಂದಲೇ ದಂಡೆ ಉಳಿದಿದೆ.

ಇನ್ನು ಕಾಲದ ಮಾತು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಒಣಗಿದ ಕಾಡು ಕಿಡಿಗೇ ಕಾಯುತ್ತಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಗಾಲಿಯನ್ನು ಬಿಡುವುದಿಲ್ಲ. ದಸರೆ ಕಳೆದ ಮೇಲಿನಿಂದ ಫೆಬ್ರುವರಿ ಮೊದಲ ವಾರಗಳವರೆಗೆ ಸರಿಯಾದ ಹದ. ಕೆರೆ ತುಂಬಿರುತ್ತದೆ, ಆಕಾಶ ತಿಳಿ, ಚಳಿಗಾಲದ ವಲಸೆ ಹಕ್ಕಿಗಳು ಬಂದಿರುತ್ತವೆ. ಆದರೆ ಬೀದರಿನ ಚಳಿಯನ್ನು ಹಗುರಾಗಿ ಎಣಿಸಬಾರದು. ಡಿಸೆಂಬರ್–ಜನವರಿಯ ರಾತ್ರಿ ಪಾದರಸ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು, ನೀರಿನ ಪಕ್ಕದಲ್ಲಿ ಇನ್ನೂ ಒಂದು ಕೈ ಹೆಚ್ಚು. ನೆಲದ ಥಂಡಿ ಬೆನ್ನಿಗೆ ಹತ್ತದಂತೆ ಕೆಳಗೆ ದಪ್ಪ ಜಮಖಾನೆ ಹಾಸಿ, ಮೇಲೆ ಎರಡು ಕಂಬಳಿ ಹೊದೆಯಬೇಕು.

ಡೇರೆ ಕಟ್ಟುವವರಿಗೆ ಇಲ್ಲಿನ ಮಣ್ಣಿನ ಗುಣ ತಿಳಿದಿರಬೇಕು. ಪೇಟೆಯ ಡೇರೆಯೊಂದಿಗೆ ಬರುವ ತೆಳು ಗೂಟಗಳು ಬೀದರ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಎರಡು ಪೆಟ್ಟಿಗೇ ಬಾಗುತ್ತವೆ. ಎರೆಭೂಮಿಯಲ್ಲಿ ಸುಲಭವಾಗಿ ಇಳಿಯುತ್ತವೆ, ಆದರೆ ಒಣಗಿ ಬಿರಿದ ಮಣ್ಣಾದರೆ ನಡುರಾತ್ರಿಯ ಗಾಳಿಗೆ ಅಷ್ಟೇ ಸುಲಭವಾಗಿ ಕಿತ್ತು ಬರುತ್ತವೆ. ಮೊಳದುದ್ದದ ದಪ್ಪ ಕಬ್ಬಿಣದ ಗೂಟ, ಒಂದು ಸುತ್ತಿಗೆ, ಹಗ್ಗ ಬಿಗಿಯಲು ನಾಲ್ಕು ದೊಡ್ಡ ಕಲ್ಲು ಇದ್ದರೆ ನಿಶ್ಚಿಂತೆ. ಡೇರೆಯ ಬಾಯಿ ಗಾಳಿಗೆ ಬೆನ್ನಾಗಿರಲಿ. ನೀರಿನ ಅಂಚಿನಿಂದ ಕನಿಷ್ಠ ನೂರು ಹೆಜ್ಜೆ ದೂರವಿರಲಿ, ಪ್ರಾಣಿಗಳು ನೀರಿಗೆ ಇಳಿಯುವ ಕಾಲುದಾರಿಯನ್ನು ಬಿಟ್ಟಿರಲಿ.

ಬುತ್ತಿಯ ವಿಷಯದಲ್ಲಿ ಈ ಭಾಗದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ನಾಡಿದು. ಹಸಿ ತೊಗರಿ, ಅವರೆ, ಕಡಲೆ, ಬದನೆ, ಗಜ್ಜರಿ, ಮೆಂತ್ಯ ಸೊಪ್ಪು, ಹೀಗೆ ಹೊಲ ಕೊಟ್ಟದ್ದನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಕೆಯ ಅಂಬಲಿ. ಕೆರೆದಂಡೆಯ ವಸ್ತಿಗೂ ಇದಕ್ಕಿಂತ ಒಪ್ಪುವ ಊಟವಿಲ್ಲ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ವಾರ ಇಟ್ಟರೂ ಕೆಡುವುದಿಲ್ಲ, ಒಲೆ ಹೊತ್ತಿಸುವ ಗೊಡವೆಯೂ ಇಲ್ಲ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು, ತಲೆಗೆ ಐದು ಲೀಟರ್ ಲೆಕ್ಕ. ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಸ್ಟೀಲಿನ ತಟ್ಟೆ ಒಯ್ದರೆ ತೊಳೆದು ತರಬಹುದು, ಆದರೆ ತೊಳೆಯುವುದು ಕೆರೆಯಲ್ಲಲ್ಲ.

ಒಂದು ಕೊರತೆಯನ್ನು ಮಾತ್ರ ಗಟ್ಟಿಯಾಗಿಯೇ ಹೇಳಬೇಕು. ಇಷ್ಟು ಜಲಾಶಯಗಳಿರುವ ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿಗಳ ಸಾಮಾನ್ಯ ಕುಟುಂಬ ಕೈಗೆಟಕುವ ದರದಲ್ಲಿ ರಾತ್ರಿ ತಂಗುವ ತಾಣಕ್ಕಾಗಿ ಚಿಂಚೋಳಿಗೋ ಬೀದರಿಗೋ ಹೋಗಬೇಕೇಕೆ? ಚುಳಕಿನಾಲಾ ಅಥವಾ ಕಾರಂಜಾದ ಎತ್ತರದ ದಂಡೆಯಲ್ಲಿ ಹತ್ತು ನಿವೇಶನ ಗುರುತಿಸಿ, ಎರಡು ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ, ಒಬ್ಬ ಕಾವಲುಗಾರನನ್ನು ಕೊಡಲು ಕೋಟಿಗಟ್ಟಲೆ ಹಣ ಬೇಕಾಗದು. ನಡೆಸುವ ಹೊಣೆಯನ್ನು ಅಲ್ಲಿನ ಮೀನುಗಾರರಿಗೂ ತಾಂಡಾದ ಯುವಕರಿಗೂ ಒಪ್ಪಿಸಿದರೆ ಅವರ ಮನೆಗೂ ನಾಲ್ಕು ಕಾಸು. ಜಿಲ್ಲಾಡಳಿತ, ನೀರಾವರಿ ಮತ್ತು ಪ್ರವಾಸೋದ್ಯಮ ಇಲಾಖೆಗಳು ಒಟ್ಟಿಗೆ ಕೂತು ಮುಂದಿನ ಎಳ್ಳಮಾವಾಸ್ಯೆಯೊಳಗೆ ಕನಿಷ್ಠ ಒಂದು ಜಲಾಶಯದಲ್ಲಾದರೂ ಇದನ್ನು ಶುರು ಮಾಡಬೇಕು.