ಊರೊಟ್ಟಿನ ಗುಂಡುತೋಪು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಕೆರೆ ಏರಿಯ ಆಸುಪಾಸಿನಲ್ಲೋ ಊರ ಮುಂದೆಯೋ ಹಳೇ ಮರಗಳು ಒತ್ತಾಗಿ ನಿಂತಿದ್ದರೆ ಅದು ಬಹುಮಟ್ಟಿಗೆ ಗುಂಡುತೋಪು. ಅದು ಕಾಡೂ ಅಲ್ಲ, ಯಾರೊಬ್ಬರ ತೋಟವೂ ಅಲ್ಲ. ಕಂದಾಯ ದಾಖಲೆಯಲ್ಲಿ ಗುಂಡುತೋಪು ಎಂದೇ ನಮೂದಾಗಿರುವ ಊರೊಟ್ಟಿನ ಜಾಗ. ಹುಣಸೆ, ಮಾವು, ನೇರಳೆ, ಹಲಸು, ಹೊಂಗೆ, ಇಪ್ಪೆ ಇಲ್ಲಿನ ಮರಗಳು. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷವೂ ಹುಣಸೆ ನಾಲ್ಕು ಕಾಸು ಕೊಡುತ್ತದೆ ಎಂಬುದು ನೆಟ್ಟವರ ಲೆಕ್ಕ.

ತೋಪಿನ ಕಟ್ಟಳೆ ಸರಳ. ಒಣ ಪುಳ್ಳೆ, ತರಗೆಲೆ ಆಯ್ದುಕೊಳ್ಳಲು ಅಡ್ಡಿಯಿಲ್ಲ, ದನಕರು ನೆರಳಿಗೆ ಬರಬಹುದು. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಫಸಲು ಹರಾಜಿಗೆ. ಗುತ್ತಿಗೆ ಹಿಡಿದವರು ಶಿವರಾತ್ರಿಯ ಆಚೀಚೆ ಮರ ಹತ್ತಿ ಗಳದಿಂದ ಕೊಂಬೆ ಬಡಿಯುತ್ತಾರೆ, ಹೆಂಗಸರು ಕೆಳಗೆ ಹಣ್ಣು ಆಯ್ದು ಗುಡ್ಡೆ ಹಾಕುತ್ತಾರೆ. ಮುಂದಿನದು ಜಗಲಿಯ ಕೆಲಸ: ಸಿಪ್ಪೆ ಒಡೆದು, ನಾರು ಎಳೆದು, ಬಡಿದು ಬೀಜ ಬಿಡಿಸಬೇಕು. ಸಂಜೆಯ ಹೊತ್ತಿಗೆ ಬೆರಳೆಲ್ಲ ಅಂಟು. ಜಮೀನಿಲ್ಲದ ಮನೆಗಳಿಗೆ ಬೇಸಿಗೆಯಲ್ಲಿ ಸಿಗುವ ಕೂಲಿಗಳಲ್ಲಿ ಇದೂ ಒಂದು. ಹರಾಜಿನ ದುಡ್ಡು ಊರ ಕೆಲಸಕ್ಕೆ ಬರುತ್ತಿದ್ದುದರಿಂದಲೇ ಕಾವಲೂ ಬಿಗಿಯಾಗಿತ್ತು ಎಂದು ನನಗನ್ನಿಸುತ್ತದೆ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋದರೆ ಹುಣಸೆ ಎಷ್ಟು ಕಾಲ ಬಾಳೀತು ಎಂಬುದು ಗೊತ್ತಾಗುತ್ತದೆ. ಸುಮಾರು 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಪಾರಂಪರಿಕ ಜೀವವೈವಿಧ್ಯ ತಾಣವಾಯಿತು. ಅಲ್ಲಿನ ಮುದಿ ಮರಗಳ ಬೊಡ್ಡೆ ಟೊಳ್ಳಾಗಿದೆ, ಆದರೂ ಚಿಗುರುತ್ತವೆ.

ಎಲ್ಲ ತೋಪುಗಳಿಗೂ ಆ ಭಾಗ್ಯವಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಈ ಭಾಗದಲ್ಲೆಲ್ಲ ನೀಲಗಿರಿ ಬಂತು. ನೀಲಗಿರಿಯ ಸೊಪ್ಪನ್ನು ದನ ಮೂಸುವುದಿಲ್ಲ, ಹಣ್ಣಂತೂ ಇಲ್ಲವೇ ಇಲ್ಲ. 2017ರಲ್ಲಿ ಸರ್ಕಾರವೇ ಅದನ್ನು ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ತೋಪು ನಿವೇಶನವಾಗಿ, ಪಕ್ಕದ ಹೊಲದವರ ಒತ್ತುವರಿಯಾಗಿ ಕರಗಿದ್ದವು. ಊರ ಸಾಮೂಹಿಕ ಜಮೀನುಗಳ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿದೆ.

ನಿಮ್ಮೂರ ಗ್ರಾಮ ನಕ್ಷೆ ತೆಗೆದು ಗುಂಡುತೋಪಿನ ಸರ್ವೆ ನಂಬರ್ ಹುಡುಕಿ. ಸಿಕ್ಕರೆ, ಬರುವ ಗ್ರಾಮಸಭೆಯಲ್ಲಿ ಅಳತೆ ಮಾಡಿಸಿ ಎಂದು ಕೇಳಿ. ಸಸಿ ನೆಡುವ ಮಾತು ಆಮೇಲೆ.